ಕೆಳಗಿನ ಹಗ್ಗ

ಫೆಬ್ರವರಿ 4, ಬೆಳಿಗ್ಗೆ

ಕ್ಯಾಂಪಿನಲ್ಲಿ ಓಟ ಆಯಿತು. ಸ್ಕಿಪ್ಪಿಂಗ್ ಆಯಿತು. ಚೀಲಕ್ಕೆ ಒದ್ದದ್ದೂ ಆಯಿತು. ಮೊಣಕಾಲು, ಮೊಣಕೈ, ಉಸಿರು — ಎಲ್ಲ ಹಳೆಯ ಹಾಗೇ. ಆದರೂ ಥೊಂಗ್‌ದಿ ಮೇಷ್ಟ್ರು ಯಾರ ಜೊತೆಗೂ ಆಡಲು ಬಿಡುತ್ತಿಲ್ಲ. ನವೆಂಬರಿನ ಥಾಯ್ ಬಾಕ್ಸಿಂಗ್ ಪಂದ್ಯದಲ್ಲಿ ಎದುರಾಳಿ ಮುಕ್ದಾಳ ಒದೆ ಕಿವಿಯ ಮೇಲೆ ಬಿದ್ದು ರಿಂಗಿನಲ್ಲೇ ಪ್ರಜ್ಞೆ ತಪ್ಪಿದಾಗಿನಿಂದ ಒಂದೇ ಮಂತ್ರ. ರೆಸ್ಟ್. ರೆಸ್ಟ್ ಮಾಡಿ ಮಾಡಿ ಮೈ ತುಕ್ಕು ಹಿಡಿಯುತ್ತಿದೆ.

"ತಲೆ ಹೆಂಗಿದೆ, ಲಮ್ಯೈ?"

"ಚೆನ್ನಾಗಿದೆ ಮೇಷ್ಟ್ರೇ."

"ನಿನ್ ಬಾಯಿ ಚೆನ್ನಾಗಿರೋದು ನಂಗೂ ಗೊತ್ತು ಕಣೇ. ನಾನು ಕೇಳಿದ್ದು ತಲೆ."

ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ.

ಅದೇ ದಿನ, ಮಧ್ಯಾಹ್ನ

ಇಲ್ಲಾದರೂ ನಿಜ ಬರೆಯಬೇಕು. ನಿಂತರೆ ಏನೂ ಇಲ್ಲ. ಓಡಿದರೆ ಏನೂ ಇಲ್ಲ. ತಲೆ ಬಗ್ಗಿಸಿದರೆ ಮಾತ್ರ ನೆಲ ವಾಲುತ್ತದೆ.

ಗಂಡಸರು ಮೇಲಿನ ಹಗ್ಗ ದಾಟಿ ರಿಂಗಿಗೆ ಇಳಿಯುತ್ತಾರೆ. ನಾವು ಹೆಂಗಸರು ಕೆಳಗಿನ ಹಗ್ಗದಡಿ ತೆವಳಬೇಕು, ಹಳೇ ಪದ್ಧತಿ. ಮೊದಲೆಲ್ಲ ಇದಕ್ಕೆ ಮೈ ಉರಿಯುತ್ತಿತ್ತು. ಈಗ ಆ ಹಗ್ಗ ಕಂಡರೇ ಭಯ. ಒಂದು ಉಪಾಯ ಹುಡುಕಿಕೊಂಡಿದ್ದೇನೆ. ಅಂಚಿನಲ್ಲಿ ಕೂತು, ಅಂಗಾತ ಒರಗಿ, ಟ್ಯೂಬ್‌ಲೈಟ್ ನೋಡುತ್ತಾ ಒಳಗೆ ಜಾರುವುದು. ಹುಡುಗರು ಹೊಸ ಸ್ಟೈಲ್ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಫೆಬ್ರವರಿ 11

ಆಸ್ಪತ್ರೆ. ಡಾಕ್ಟರಮ್ಮ ಕಣ್ಣಿಗೆ ಲೈಟ್ ಬಿಟ್ಟರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ನಿಂತೆ.

"ಬಗ್ಗಿದಾಗ ತಲೆ ಸುತ್ತುತ್ತಾ?"

"ಇಲ್ಲ."

"ಪೂರ್ತಿ ವಾಸಿಯಾಗದೆ ಇನ್ನೊಂದು ಏಟು ಬಿದ್ರೆ ಮೇಲೇಳೋದೇ ಅನುಮಾನ. ಸುಳ್ಳು ಹೇಳ್ಬೇಡಮ್ಮ."

"ಇಲ್ಲ ಅಂದ್ನಲ್ಲ ಡಾಕ್ಟ್ರೇ."

ಆಡಬಹುದು ಅಂತ ಸಹಿ ಹಾಕಿದರು. ಹೊರಗೆ ಬರುವಷ್ಟರಲ್ಲಿ ಬ್ಯಾಂಕಾಕಿನಿಂದ ಪಂದ್ಯ ನಡೆಸುವವರ ಫೋನ್. ಮಾರ್ಚ್ ಎಂಟಕ್ಕೆ ಮುಕ್ದಾ ಜೊತೆ ಮತ್ತೆ, ಟೀವಿಯಲ್ಲಿ. ನಾನು ಒಲ್ಲೆ ಅಂದರೆ ಚಿಯಾಂಗ್ ಮಾಯ್‌ನ ಹುಡುಗಿಯೊಬ್ಬಳು ತಯಾರಾಗಿ ಕೂತಿದ್ದಾಳಂತೆ. ನನಗೆ ಇಪ್ಪತ್ತೊಂಬತ್ತು. ಇನ್ನೊಂದು ಸಲ ಯಾರು ಕರೆಯುತ್ತಾರೆ? ಬರುತ್ತೇನೆ ಅಂದೆ. ಖುಷಿಯಾಯಿತು. ಭಯವೂ ಆಯಿತು, ಸುಳ್ಳೇಕೆ.

ಫೆಬ್ರವರಿ 20

ಛೆ.

ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಪಿಕುಲ್ ಅಕ್ಕ ಸಲಾಡಿಗೆ ಪಪ್ಪಾಯಿ ಕಾಯಿ ಕುಟ್ಟುತ್ತಿದ್ದರು. ನಿಂಬೆಹಣ್ಣೊಂದು ಉರುಳಿ ನನ್ನ ಪಾದದ ಹತ್ತಿರ ಬಂತು. "ಕೊಡೇ ಇಲ್ಲಿ." ಬಗ್ಗಬೇಕಿತ್ತು... ಬಗ್ಗಲಿಲ್ಲ. ಕಾಲಿನಲ್ಲಿ ಅವರ ಕಡೆ ತಳ್ಳಿಬಿಟ್ಟೆ.

ಕುಟ್ಟುವುದು ನಿಂತಿತು.

"ತಿನ್ನೋ ಪದಾರ್ಥಾನ ಕಾಲಲ್ಲಿ ಒದೀತೀಯೇನೇ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?"

"ಸೊಂಟ ಹಿಡ್ಕೊಂಡಿದೆ ಅಕ್ಕ. ತಪ್ಪಾಯ್ತು." ಕೈ ಮುಗಿದೆ. ತಲೆ ಬಗ್ಗಿಸದೆ ಮುಗಿದೆ. ಅದನ್ನೂ ನೋಡಿದರು.

ಇನ್ನಷ್ಟು ಬೈದಿದ್ದರೆ ವಾಸಿಯಿತ್ತು. ನಿಂಬೆಹಣ್ಣು ತೊಳೆದು ಹಿಂಡಿದರು, ಅಷ್ಟೇ.

ಮಾರ್ಚ್ 7, ಬ್ಯಾಂಕಾಕ್

ತೂಕ ಸರಿಹೋಯಿತು. ಸ್ಟೇಡಿಯಂ ಡಾಕ್ಟರನೂ ಸರಿ ಅಂದ. ಮುಕ್ದಾ ದೂರದಿಂದಲೇ ಹುಬ್ಬು ಹಾರಿಸಿದಳು. "ಈ ಸಲ ದಿಂಬು ತಂದಿದ್ದೀಯಾ, ಅಕ್ಕ?"

"ನಿಂಗೇ ಬೇಕಾಗುತ್ತೆ, ಇಟ್ಕೋ," ಅಂದೆ.

ಮೇಷ್ಟ್ರು ನಗಲಿಲ್ಲ. ಎರಡು ವಾರದಿಂದ ನನ್ನನ್ನು ಗೇಲಿ ಮಾಡುವುದನ್ನೇ ಬಿಟ್ಟಿದ್ದಾರೆ. ಗಂಜಿಯ ಬಟ್ಟಲು ಮುಂದಿಟ್ಟು, "ಏನಾದ್ರೂ ಹೇಳೋದಿದ್ಯಾ?" ಅಂದರು.

"ಉಪ್ಪು ಕಮ್ಮಿ."

ಎದ್ದು ಹೋದರು.

ಮಾರ್ಚ್ 9, ಬೆಳಕು ಹರಿಯುತ್ತಿದೆ

ಕ್ಯಾಂಪಿಗೆ ವಾಪಸ್. ಜಗುಲಿಯಲ್ಲಿ ಕೂತಿದ್ದೇನೆ.

ಒಂದೊಂದಾಗಿ ಬರೆಯುತ್ತೇನೆ. ಟೀವಿ ಕ್ಯಾಮೆರಾ ಎದುರಿಗಿತ್ತು, ಅಂಗಾತ ಜಾರಲು ಆಗಲಿಲ್ಲ. ಕೆಳಗಿನ ಹಗ್ಗದಡಿ ತಲೆ ತಗ್ಗಿಸಿ ತೆವಳಿದೆ. ನೆಲ ತಿರುಗಿತು. ಹಲ್ಲು ಕಚ್ಚಿ ಎದ್ದೆ. ಮೇಷ್ಟ್ರು ಮೊಂಗ್ಕೊನ್ ತಲೆಗಿಟ್ಟರು — ಅವರ ಗುರು ಹೊಸೆದ ದಾರದ ಸಿಂಬಿ. ಇಡುವವರೂ ಅವರೇ, ತೆಗೆಯುವವರೂ ಅವರೇ, ಅದನ್ನು ನಾನು ಮುಟ್ಟುವ ಹಾಗಿಲ್ಲ. ತೆಗೆದರೆ ಆಟ ಶುರು.

ಗುರುವಂದನೆಗೆ ಮೂರು ಸಲ ನೆಲಕ್ಕೆ ಹಣೆ ಹಚ್ಚಬೇಕು. ಮೂರನೆಯದರಲ್ಲಿ ಏಳಲು ಆಗಲಿಲ್ಲ. ಹಾಗೇ ಇದ್ದೆ. ಏನು ಭಕ್ತಿ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆಟಕ್ಕೆ ಮುಂಚಿನ ಕುಣಿತ ಹೇಗೋ ಮುಗಿಸಿ ಮೂಲೆಗೆ ಬಂದೆ. ಮೇಷ್ಟ್ರು ಎರಡೂ ಕೈಯಿಂದ ಮೊಂಗ್ಕೊನ್ ಹಿಡಿದರು. ಯಾವಾಗಲೂ ಮಂತ್ರ ಹೇಳಿ ನೆತ್ತಿಗೆ ಉಫ್ ಅನ್ನುತ್ತಾರೆ. ನಿನ್ನೆ ಕಿವಿಯಲ್ಲಿ ಕೇಳಿದರು.

"ಅವತ್ತು ನಿಂಬೆಹಣ್ಣು ಯಾಕೆ ಬಗ್ಗಿ ಎತ್ಲಿಲ್ಲ?"

ಮುಕ್ದಾ ನಿಂತಿದ್ದ ಮೂಲೆಯ ಕಡೆ ನೋಡಿದೆ.

"ಇಷ್ಟು ದಿನ ಕಾದೆ, ನೀನೇ ಹೇಳ್ತೀಯ ಅಂತ. ಇದೇ ಕೊನೇ ಜಾಗ. ಈಗ್ಲಾದ್ರೂ ಹೇಳು ಮಗಳೇ."

"ಚೆನ್ನಾಗಿದೀನಿ. ತೆಗೀರಿ."

ಕೈ ಬಿಟ್ಟರು. ತೆಗೆಯಲಿಲ್ಲ. ರೆಫ್ರಿ ಕಡೆ ತಿರುಗಿ ಇಲ್ಲ ಎಂದು ಕೈಯಾಡಿಸಿದರು. ಜನ ಕೂಗಿದರು, ಬಾಟಲಿ ಎಸೆದರು. ನಾನು ಏನೇನೋ ಅಂದೆ. ಗುರುವಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಮುಕ್ದಾ ಬಂದು ಮೇಷ್ಟ್ರಿಗೆ ಕೈ ಮುಗಿದಳು. ನನ್ನ ಮುಖ ನೋಡಲಿಲ್ಲ.

ಸಿಂಬಿ ಇನ್ನೂ ತಲೆಯ ಮೇಲೇ ಇದೆ. ಇಟ್ಟುಕೊಂಡು ಮಲಗುವ ಹಾಗಿಲ್ಲ. ಕೂತೇ ಇದ್ದೇನೆ. ಅವರ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಆದರೂ ನಿನ್ನೆ ಆ ಕೈ ಹಿಂದೆ ಸರಿದಾಗ, ಒಂದು ಕ್ಷಣ... ಜೀವ ಬಂದಂತಾಯಿತು. ಇದನ್ನು ಯಾರಿಗೂ ಹೇಳಲಾರೆ.

ಮೇಷ್ಟ್ರು ಆಗಲೇ ಇಲ್ಲಿನ ರಿಂಗಿನೊಳಗೆ ಕೂತಿದ್ದಾರೆ. ಬಾ ಅಂದರು. ನಾನು ಹಗ್ಗದವರೆಗೆ ಹೋಗಿ ನಿಂತೆ. ಕೆಳಗಿನದನ್ನು ನೋಡಿದೆ. ವಾಪಸ್ ಬಂದು ಕೂತೆ.

ಈಗ ಅವರೇ ಎದ್ದರು. ಮಂಡಿ ಹಿಡಿದುಕೊಂಡು ಹಗ್ಗ ದಾಟಿ ಇಳಿಯುತ್ತಿದ್ದಾರೆ. ಬರುತ್ತಿದ್ದಾರೆ. ಬಂದ ತಕ್ಷಣ ಹೇಳಿಬಿಡಬೇಕು. ಇಲ್ಲೇ ಒಂದು ಸಲ ಬರೆದು ನೋಡುತ್ತೇನೆ, ಬಾಯಿಗೆ ಬರುತ್ತದೋ ಏನೋ.

ಮೇಷ್ಟ್ರೇ, ಬಗ್ಗಿದರೆ ನನಗೆ