ನನ್ನ ಫ್ಲಾಸ್ಕ್ ಮಾತ್ರ

ಜನವರಿ 6, ಸಂಜೆ

ಫ್ಲಾಸ್ಕಿನ ದ್ರಾವಣ ಮತ್ತೆ ಹಾಲಿನಂತೆ ಬೆಳ್ಳಗಾಯಿತು. ಎಂಟು ತಿಂಗಳಲ್ಲಿ ಹನ್ನೊಂದನೇ ಸಲ. ಬೆಳ್ಳಿಯ ನ್ಯಾನೋ ಕಣಗಳಿಗೆ ಚಿನ್ನದ ದ್ರಾವಣ ಹನಿಹನಿಯಾಗಿ ಬಿಟ್ಟರೆ ಬೆಳ್ಳಿ ಕರಗಿ ಚಿನ್ನದ ಟೊಳ್ಳು ಗೂಡು ಉಳಿಯಬೇಕು. ಹಳದಿ ಕೆಂಪಾಗಿ, ಕೆಂಪು ನೀಲಿಯಾಗಬೇಕು. ಲೇಸರ್ ಬೆಳಕು ನುಂಗಿ ಬಿಸಿಯಾಗುವುದು ಆ ನೀಲಿ ಗೂಡುಗಳೇ. ಪಕ್ಕದ ಬೆಂಚಿನ ಲೋಹಿತನಿಗೆ ಪ್ರತಿ ಸಲವೂ ನೀಲಿ. ಅದೇ ಕೆಮಿಕಲ್, ಅದೇ ನೀರು. ಅವನನ್ನು ಕಂಡರೆ ಮೈ ಉರಿಯುತ್ತದೆ. ಪಾಪ, ಅವನೇನು ಮಾಡಿದ…

ಜನವರಿ 9

ಗೈಡ್ ನಾಗೇಂದ್ರಪ್ಪ ಸರ್ ಕರೆದರು. "ಸ್ವಪ್ನ, ನಿನ್ನ ಎಕ್ಸ್‌ಟೆನ್ಷನ್ ಈ ತಿಂಗಳಿಗೆ ಮುಗಿಯುತ್ತೆ. ಒಂದು ಸಲ ನೀಲಿ ಮಾಡಿ ತೋರಿಸು. ಇಲ್ಲಾಂದ್ರೆ ಪಿಎಚ್‌ಡಿ ಬಿಡು." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕವ್ವನಿಗೆ ಹೇಳಲಿಲ್ಲ. ಕೊಂಡ್ಲಹಳ್ಳಿಯಿಂದ ಬಂದು ನಾನಿರುವುದು ದೊಡ್ಡಉಳ್ಳಾರ್ತಿಯ ಅವಳ ಮನೆಯಲ್ಲೇ. ಕುರಿ ಮೇಯುತ್ತಿದ್ದ ಕಾವಲ್ ಭೂಮಿಗೆ ಬೇಲಿ ಬಿದ್ದ ಮೇಲೆ ಅವನ್ನು ಮಾರಿದಳು. ಹೋದ ಬೇಸಿಗೆಯಿಂದ ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ. ಕಂಟ್ರಾಕ್ಟ್. ಮನೆ ನಡೆಯುವುದು ಅದರಿಂದಲೇ. "ನಮ್ಮ ಸ್ವಪ್ನ ಚಿನ್ನ ಮಾಡ್ತಾಳೆ" ಎಂದು ಊರಿಗೆಲ್ಲ ಸಾರಿದ್ದಾಳೆ.

ಜನವರಿ 27

ಹದಿನೈದನೆಯದೂ ಬಿಳಿ. ನನ್ನ ಪಾಲಿನ ಚಿನ್ನದ ದ್ರಾವಣವೂ ಮುಗಿಯಿತು. ನಾನು ಯಾವುದಕ್ಕೂ ಬಾರದವಳು.

ಜನವರಿ 30, ಬೆಳಿಗ್ಗೆ

ಬೇಗ ಹೋದೆ. ತೊಳೆಯುವ ಕೋಣೆಯಲ್ಲಿ ಚಿಕ್ಕವ್ವ ನನ್ನ ಹೆಸರಿನ ಫ್ಲಾಸ್ಕ್ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ. ಅದರಲ್ಲಿ ಹುಣಸೆಹಣ್ಣು, ಕಲ್ಲುಪ್ಪು.

"ಏನಿದು ಚಿಕ್ಕವ್ವ?"

"ಬೇರೇರವು ಅವರು ಹೇಳ್ದಂಗೆ ತೊಳಿತೀನಿ ಕಣವ್ವ. ನಿಂದಷ್ಟೇ ಹಿಂಗೆ, ದೇವರ ಸಾಮಾನು ತಿಕ್ಕಿದಂಗೆ. ಬೆಳ್ಳಿ ಬಂಗಾರ ಹಾಕೋದು ಅದರಾಗಲ್ವಾ?"

ಉಪ್ಪು. ಚೂರು ಉಳಿದರೂ ಬೆಳ್ಳಿ ಕೆಟ್ಟು ಬೆಳ್ಳಗಾಗುತ್ತದೆ. ಎಂಟು ತಿಂಗಳು… ಕೂಗಾಡಬೇಕೆನಿಸಿತು. ಅವಳ ಬೆರಳುಗಳು ಹುಳಿಗೆ ಬಿರಿದಿದ್ದವು.

ಅದೇ ದಿನ, ಸಂಜೆ

ಫ್ಲಾಸ್ಕಿಗೆ ಉಪ್ಪು ತಗುಲಿತ್ತೆಂದು ಸರ್‌ಗೆ ಹೇಳಿದೆ. ಎದ್ದು ನಿಂತರು. "ಯಾರು ತೊಳೆದದ್ದು? ಅವರ ತಪ್ಪಾದ್ರೆ ನಿನಗೆ ಆರು ತಿಂಗಳು ಕೊಡಿಸ್ತೀನಿ. ಅವರನ್ನ ಇವತ್ತೇ ಕೆಲಸದಿಂದ ತೆಗೆಸ್ತೀನಿ."

ನಾನೇ ಸರ್, ಎಂದೆ.

"ಹಾಗಾದ್ರೆ ಪಿಎಚ್‌ಡಿ ಬಿಡು" ಎಂದರು. ಆಮೇಲೆ ಫೈಲ್ ಮುಚ್ಚಿದರು.

ಗೇಟಿನ ಹತ್ತಿರ ಚಿಕ್ಕವ್ವ ಕಾಯುತ್ತಿದ್ದಳು. "ಬಣ್ಣ ಬಂತೇನವ್ವ?"

ಬಂತು, ಎಂದೆ.

ಮುಖವೆಲ್ಲ ಅರಳಿತು. "ನಾಳೆ ಇನ್ನೂ ಚೆನ್ನಾಗಿ ತಿಕ್ಕಿಡ್ತೀನಿ ಬಿಡು."

ನಾಳೆ ನನ್ನ ಬೆಂಚಿನ ಮೇಲೆ ಅವಳು ತಿಕ್ಕಲು ಒಂದು ಫ್ಲಾಸ್ಕೂ ಇರುವುದಿಲ್ಲ.