ದ್ವೀಪದ ಸಂಜೆ ರೇಡಿಯೋ

ವಿಂಡಮ್ ವೇಲ್
ಭಾನುವಾರ

ವಿರುಪಾಕ್ಷ ಸರ್ ಅವರಿಗೆ ನಮಸ್ಕಾರ.

ಇದನ್ನು ಆಫೀಸಿನ ಮೇಲ್‌ನಲ್ಲಿ ಬರೆಯಲು ಮನಸ್ಸಾಗಲಿಲ್ಲ. ನಮ್ಮ ಕಂಪನಿ ಕೆಲಸ ಮಾಡಿಕೊಟ್ಟ ಆ ಪುಟ್ಟ ದ್ವೀಪದೇಶದ ಸರ್ಕಾರಿ ಸೇವೆಗಳೆಲ್ಲ ಫೋನಿಗೆ ಬಂದವೆಂದು ನೀವು ಸಿಡ್ನಿಯಲ್ಲಿ ಇಟ್ಟುಕೊಂಡಿರುವ ಡಿನ್ನರಿಗೆ ನಾನು ಬರುವುದಿಲ್ಲ. ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿಸಿ.

ಹೋದ ತಿಂಗಳು ಅಲ್ಲಿ ನಾನು ಉಳಿದದ್ದು ಮೆಲೆ ಎಂಬ ಆ ಊರಿನ ಹಿರಿಯಾಕೆಯ ಮನೆಯಲ್ಲಿ; ನಾನು ಆಂಟಿ ಎನ್ನುತ್ತಿದ್ದೆ. ಸರ್ಕಾರ ಕೊಟ್ಟ ಫೋನು ಉಪ್ಪುಗಾಳಿಗೆ ಕೆಡಬಾರದೆಂದು ಅವರು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು. ನನಗೆ ತೋರಿಸಲೆಂದೇ ಹೆಮ್ಮೆಯಿಂದ ಹೊರಗೆ ತೆಗೆದರು. ಚಾರ್ಜ್ ಮಾಡಿ ಕೊಟ್ಟೆ. ಪಕ್ಕದ ದ್ವೀಪದಲ್ಲಿದ್ದ ಅವರ ಅಕ್ಕ ತೀರಿಕೊಂಡ ಸುದ್ದಿ ಅದರಲ್ಲಿತ್ತು. ಅಷ್ಟರಲ್ಲಿ ಮಣ್ಣು ಮಾಡಿ ವಾರವಾಗಿತ್ತು.

ಮೊದಲೆಲ್ಲ ಸತ್ತವರ ಹೆಸರನ್ನು ಸಂಜೆ ರೇಡಿಯೋದಲ್ಲಿ ಓದುತ್ತಿದ್ದರು. ಇನ್ನು ಫೋನಿಗೇ ಹೋಗುತ್ತದಲ್ಲ ಎಂದು ಅದನ್ನು ನಿಲ್ಲಿಸಲು ಸಲಹೆ ಕೊಟ್ಟವರು ನಾವು. ದಯವಿಟ್ಟು ಆ ಓದನ್ನು ಮತ್ತೆ ಶುರು ಮಾಡಲು ಹೇಳಿ. ನೀವು ಹೇಳಿದರೆ ಅಲ್ಲಿನ ಸರ್ಕಾರದವರು ಕೇಳುತ್ತಾರೆ.

ಆಂಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಂದೆ ಚಹಾ ಇಟ್ಟು ಒಂದೇ ಮಾತು ಅಂದರು. ಅಂದದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಮಾತ್ರ ನಮ್ಮ ಧಾರವಾಡದ ಮಾತಿನಲ್ಲಿ:

“ದಿನಾ ಸಂಜೀಕ ರೇಡಿಯೋ ಹಚ್ಕೊಂಡ ಕೂತಿದ್ದೆ ನೋಡವಾ. ಯಾರೂ ಹೇಳಲೇ ಇಲ್ಲ.”

ನಿಮ್ಮ
ಮಹಾಶ್ವೇತಾ