ಅಲಸಂದೆ ತಿನ್ನೋನೇ, ಏಳೋ!

ಲಿಲ್, ಫ್ರಾನ್ಸ್

ಅಸೆತು ಅಕ್ಕಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ? ಅಪ್ಪ ತೀರಿಕೊಂಡ ದಿನ ನೆನಪಿದೆಯಲ್ಲ? ಪಕ್ಕದ ಮನೆಯ ಬುರಾಮಾ ಕೇತಾ ಹೆಣದ ಮುಂದೆ ನಿಂತು, "ಏಯ್ ಕುಲಿಬಾಲಿ, ಅಲಸಂದೆ ತಿನ್ನೋನೇ, ಹೊಲದ ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತೀಯಾ? ಏಳೋ!" ಎಂದು ಗದರಿದ. ಅಮ್ಮ ಅಳುತ್ತಲೇ ನಕ್ಕುಬಿಟ್ಟಳು. ನಮ್ಮ ಕುಲಿಬಾಲಿ ಕುಲದವರನ್ನು ಅಲಸಂದೆ ತಿನ್ನೋರೆಂದು ಹಂಗಿಸಿ, ಸಾವಿನಲ್ಲೂ ನಗಿಸುವುದು ಕೇತಾ ಕುಲದವರ ಪಾಲಿನ ಕೆಲಸ ತಾನೆ?

ಮೊನ್ನೆ ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಝೆರಾರನ ಅಪ್ಪ ಹೋದರು. ಅವನನ್ನು ನಗಿಸಲು ಒಬ್ಬರೂ ಬರಲಿಲ್ಲ. ಪಾಪ, ಇವನಿಗೆ ಕೇತಾಗಳೇ ಇಲ್ಲವಲ್ಲ ಎನಿಸಿ, ನಾನೇ ಶವಪೆಟ್ಟಿಗೆಯ ಬಳಿ ಹೋಗಿ, "ಏಳೋ ಮುದುಕ, ನಾಟಕ ಸಾಕು" ಎಂದೆ. ಯಾರೂ ನಗಲಿಲ್ಲ. ಝೆರಾರ್ ನನ್ನ ತೋಳು ಹಿಡಿದು ಬಾಗಿಲವರೆಗೆ ತಂದು, "ಹೊರಡು" ಎಂದ. ಅಂದಿನಿಂದ ಊಟಕ್ಕೆ ನನ್ನ ಮೇಜಿನ ಬಳಿ ಯಾರೂ ಕೂರುವುದಿಲ್ಲ.

ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಬುರಾಮಾನಿಗೆ ಹೇಳು, ನನ್ನನ್ನು ಬೈದು ನಾಲ್ಕು ಸಾಲು ಬರೆಯಲಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಕ್ಕಾ, ನಾನು ಇಲ್ಲೇ ಸತ್ತರೆ ಇವರು ತುಂಬ ಮರ್ಯಾದೆಯಿಂದ ಹೂಳಿಬಿಡುತ್ತಾರೆ. ಅದೇ ಭಯ.

ನಿನ್ನ ತಮ್ಮ,
ಸುಂಕಾಲೊ